ಮುಂದೆ ಕೊಂಬು, ಹಿಂದೆ ಬಾಲ

ನನಗೆ ಜಂಬ ಹೆಚ್ಚು ಎಂದು ಯಾರಾದರೂ ಹೇಳಿದರೆ ನಾನು ಹೌದೆನ್ನುತ್ತೇನೆ. ಇಂಗ್ಲಿಷ್ ವ್ಯಾಕರಣದಲ್ಲಿ ರಿಲೇಟಿವ್ ಕ್ಲಾಜ್ ಎಂಬುದೊಂದಿದೆ. ಬೇರೆ ಊರುಗಳಲ್ಲಿ ಆ ಪಾಠ ಬಂತೆಂದರೆ ಮಕ್ಕಳಿಗೆ ಹೊಟ್ಟೆನೋವು ಬರುತ್ತದೆ. ನಮ್ಮೂರಿನಲ್ಲಿ ಆ ಪಾಠದ ದಿನ ಜ್ವರ ಬಂದವರೂ ಕಂಬಳಿ ಹೊದ್ದುಕೊಂಡು ಬಂದು ಕೂರುತ್ತಾರೆ. ಅದನ್ನು ಅವರಿಗೆ ಕಲಿಸಿದವಳು ನಾನು. ಜಂಬಪಡದೆ ಇನ್ನೇನು ಮಾಡಲಿ, ನೀವೇ ಹೇಳಿ.

ನಮ್ಮೂರು ಒಂದು ದೊಡ್ಡ ಜವುಗಿನ ದಂಡೆಯ ಮೇಲಿದೆ. ಜೊಂಡು ಕೊಯ್ದು ಚಾಪೆ ನೇಯುವವರ ಊರು. ಇಲ್ಲಿ ಬರೀ ಹೆಸರು ಹಿಡಿದು ಕರೆದರೆ ಯಾರಿಗೂ ಕೇಳುವುದಿಲ್ಲ. ಕಿವುಡರೆಂದಲ್ಲ. 'ಪಾರವ್ವ' ಎಂದು ಕೂಗಿದರೆ ಆ ಕೂಗು ಕೂಗಿದವರ ಕಾಲಬುಡದಲ್ಲೇ ಬೀಳುತ್ತದೆ, ಎದುರಿಗೇ ಕೂತ ಪಾರವ್ವ ಸೊಪ್ಪು ಸೋಸುತ್ತಲೇ ಇರುತ್ತಾಳೆ. ಹೆಸರಿಗೆ ಮೊದಲು ಅವಳು ಎಂಥವಳು, ಏನು ಮಾಡಿದವಳು ಎಂಬುದನ್ನು ಕಟ್ಟಬೇಕು. 'ಕೈ ತಪ್ಪದ ಪಾರವ್ವ' ಎಂದರೆ ಓಣಿಯಾಚೆಯಿಂದಲೂ 'ಓ' ಎಂಬ ಉತ್ತರ ಬರುತ್ತದೆ. ಹೀಗೆ ಹೆಸರಿಗೆ ಕಟ್ಟುವ ಮಾತಿಗೆ ಊರವರು ಕೊಂಬು ಎನ್ನುತ್ತಾರೆ. ಬೇರೆ ಕಡೆ 'ನಿನಗೇನು ಕೊಂಬು ಬಂದಿದೆಯಾ' ಎಂದರೆ ಬೈಗುಳ. ನಮ್ಮೂರಲ್ಲಿ ಅದು ಕ್ಷೇಮ ಸಮಾಚಾರ.

ಮಕ್ಕಳ ಕೊಂಬು ಬೇಗ ಬೇಗ ಬದಲಾಗುತ್ತದೆ. ಹಲ್ಲು ಬಿದ್ದ ಫಕೀರಿ, ಹಲ್ಲು ಬಂದ ಫಕೀರಿ, ಹುಣಸೆಮರದಿಂದ ಬಿದ್ದ ಫಕೀರಿ, ಹೀಗೆ. ದೊಡ್ಡವರದು ಒಮ್ಮೆ ಕೂತರೆ ಕೂತಿತು. ಕೊಂಬನ್ನು ಯಾರು ಬೇಕಾದರೂ ಕೊಡಬಹುದು, ಆದರೆ ಹೊತ್ತುಕೊಳ್ಳುವವರು ಅದು ನನ್ನದೇ ಎಂದು ಒಳಗೆ ಒಪ್ಪಿರಬೇಕು. ಒಪ್ಪದ ಕೊಂಬು ಕಟ್ಟಿ ಗಂಟಲು ಹರಿಯುವಂತೆ ಕೂಗಿದರೂ ಕೇಳಿಸುವುದಿಲ್ಲ. ನಾನು ಈ ಊರಿಗೆ ವರ್ಗವಾಗಿ ಬಂದ ಹೊಸದರಲ್ಲಿ ಹೆಡ್‌ಮಾಸ್ತರರು ಪಕ್ಕದ ಕೋಣೆಯಿಂದ ಕರೆದದ್ದು ನನಗೆ ಕೇಳಿಸಲಿಲ್ಲ ಎಂದು ನೋಟಿಸು ಕೊಡಲು ಹೊರಟಿದ್ದರು. ಆಮೇಲೆ ಊರವರು ನನಗೆ 'ಬಸ್ಸಿನಿಂದ ಎಡವಿ ಇಳಿದ ನೀಲಾಂಬಿಕಾ ಟೀಚರ್' ಎಂದು ಕೊಂಬು ಕಟ್ಟಿದರು. ಎಡವಿದ್ದು ನಿಜ, ಒಪ್ಪಲೇಬೇಕಾಯಿತು. ಸಿಟ್ಟಿನಿಂದ ಹಲ್ಲು ಕಡಿಯುತ್ತಲೇ 'ಓ' ಎನ್ನುತ್ತಿದ್ದೆ.

ಇಂಥ ಊರಿಗೆ ರಿಲೇಟಿವ್ ಕ್ಲಾಜ್ ಕಲಿಸುವುದೆಂದರೆ ಮೀನಿಗೆ ಈಜು ಕಲಿಸಿದಂತೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನಮ್ಮ ಮಾತಿನಲ್ಲಿ ಮೊದಲು ಕೊಂಬು, ಆಮೇಲೆ ಹೆಸರು. ಇಂಗ್ಲಿಷಿನಲ್ಲಿ ಮೊದಲು ಹೆಸರು ನಿಲ್ಲಿಸಿ, ಅದರ ಹಿಂದೆ ಹೂ ಎಂದೋ ವಿಚ್ ಎಂದೋ ಕೊಂಡಿ ಹಾಕಿ, ಅದಕ್ಕೆ ಉಳಿದದ್ದನ್ನು ಇಳಿಬಿಡಬೇಕು. ಅದನ್ನು ಬೋರ್ಡಿನ ಮೇಲೆ ಬರೆದಾಗ ಇಡೀ ತರಗತಿ ಗಾಬರಿಯಾಯಿತು. ಕೊಂಬಿಲ್ಲದ ಹೆಸರನ್ನು ಮೊದಲೇ ಹೊರಗೆ ಬಿಟ್ಟರೆ ಅದು ಕೇಳಿಸುವುದಾದರೂ ಹೇಗೆ ಎಂದು. ನಾನು ಹೇಳಿದೆ, 'ನಮ್ಮದು ಕೊಂಬು, ಇಂಗ್ಲಿಷಿನದು ಬಾಲ. ಎಮ್ಮೆ ಎರಡೂ ಕಡೆಯಿಂದ ಎಮ್ಮೆಯೇ.' ಅಂದಿನಿಂದ ಪಾಠ ಹಿಡಿಯಿತು. ಹೊಲದಲ್ಲಿ, ಓಣಿಯಲ್ಲಿ, ಎಲ್ಲ ಕಡೆ ಮಕ್ಕಳು ಕಂಡ ಕಂಡದ್ದಕ್ಕೆಲ್ಲ ಬಾಲ ಹಚ್ಚತೊಡಗಿದರು. ಮನುಷ್ಯರಿಗೆ ಹೂ, ವಸ್ತುವಿಗೂ ಪ್ರಾಣಿಗೂ ವಿಚ್ ಎಂದು ಹೇಳಿದ್ದಕ್ಕೆ ಬುಡನಸಾಬರು ಶಾಲೆಯ ತನಕ ಜಗಳಕ್ಕೆ ಬಂದರು. ಎಮ್ಮೆಯ ಬಾಲ ಹಿಡಿದು ಜವುಗು ದಾಟಿದ ಬುಡನಸಾಬರು ಎಂದೇ ಅವರ ಕೊಂಬು.

'ನನ್ನ ಜೀವಾ ಉಳಿಸಿದ ಎಮ್ಮಿಗೆ ಕಲ್ಲಿಗೆ ಹಚ್ಚೂದನ್ನ ಹಚ್ಚತೀರೇನ್ರಿ ಟೀಚರ್? ಹೂ ಹಚ್ರಿ,' ಎಂದರು.

ಹಚ್ಚಿದೆ. ಯಾವ ವ್ಯಾಕರಣ ಪುಸ್ತಕದವರು ಬಂದು ಕೇಳುತ್ತಾರೋ ಕೇಳಲಿ, ಉತ್ತರ ಕೊಡುತ್ತೇನೆ.

ಈಗ ಹುಲಿಗೆವ್ವನ ಮಾತಿಗೆ ಬರುತ್ತೇನೆ. ಶಾಲೆಯ ಅಡುಗೆಮನೆಯಲ್ಲಿ ಇಬ್ಬರು ಹೆಂಗಸರಿದ್ದರು. ಸೌಟು ಹಿಡಿದವಳು ಪಾರವ್ವ. ಊರಿನ ಮದುವೆ ಮುಂಜಿಗೆಲ್ಲ ಅವಳದೇ ಅಡುಗೆ, ಅದಕ್ಕೇ 'ಕೈ ತಪ್ಪದ' ಎಂಬ ಕೊಂಬು. ಅಕ್ಕಿ ತೊಳೆದು, ಸೊಪ್ಪು ಹೆಚ್ಚಿ, ಪಾತ್ರೆ ಬೆಳಗುವವಳು ಹುಲಿಗೆವ್ವ. ಪಾರವ್ವನ ಅಣ್ಣನ ಹೆಂಡತಿ, ಅಂದರೆ ಅತ್ತಿಗೆ. ಅವಳ ಕೊಂಬು 'ಪಾಯಸಕ್ಕೆ ಉಪ್ಪು ಹಾಕಿದ ಹುಲಿಗೆವ್ವ'. ಹೊಸ ಸೊಸೆಯಾಗಿ ಬಂದ ವರ್ಷ, ಪಾರವ್ವನನ್ನು ನೋಡಲು ಗಂಡಿನವರು ಬಂದಾಗ, ಶಾವಿಗೆ ಪಾಯಸಕ್ಕೆ ಸಕ್ಕರೆಯ ಬದಲು ಉಪ್ಪು ಸುರಿದಳಂತೆ. ಬೀಗರಾಗುವವರು ಒಂದು ಗುಟುಕಿಗೇ ಮುಖ ಕಿವುಚಿದರಂತೆ. ಅತ್ತೆ ಅವಳನ್ನು ಬೀದಿಗೆ ಕೇಳುವಂತೆ ಬೈದಳಂತೆ. ಅಂದು ಕೂತ ಕೊಂಬು ಅವಳ ತಲೆಗೂದಲು ಹಣ್ಣಾಗುವವರೆಗೂ ಇಳಿದಿರಲಿಲ್ಲ. ಪಾರವ್ವ ಅಡುಗೆಮನೆಯಲ್ಲಿ ಅವಳ ಕೈಗೆ ಉಪ್ಪಿನ ಡಬ್ಬಿ ಕೊಡುತ್ತಿರಲಿಲ್ಲ. 'ಏ ಅತ್ತಿಗಿ, ಅದನ್ನ ಮುಟ್ಟಬ್ಯಾಡ, ನಿನ್ನ ಕೈ ಗುಣಾ ಊರಿಗೇ ಗೊತ್ತೈತಿ,' ಎನ್ನುವಳು. ಮಕ್ಕಳು ನಗುವರು. ಹುಲಿಗೆವ್ವನೂ ನಗುವಳು.

ಒಲೆಯ ಮೇಲೆ ಅನ್ನ ಕುದಿಯುವ ಹೊತ್ತಿನಲ್ಲಿ ಹುಲಿಗೆವ್ವ ನನ್ನ ತರಗತಿಯ ಕಿಟಕಿಯಾಚೆ ಕಟ್ಟೆಯ ಮೇಲೆ ಬಂದು ಕೂರತೊಡಗಿದಳು. ಮೊದಲು ಗಾಳಿಗೆ ಕೂತಳೆಂದುಕೊಂಡೆ. ಒಂದು ದಿನ ನಾನು ಕೇಳಿದ ಪ್ರಶ್ನೆಗೆ ತರಗತಿಯೊಳಗೆ ಯಾರೂ ಬಾಯಿ ಬಿಡದಿದ್ದಾಗ ಕಿಟಕಿಯಿಂದ ಉತ್ತರ ಬಂತು. 'ಹೂಸ್' ಎಂದು. 'ಯಾರ' ಎನ್ನಲು ಇಂಗ್ಲಿಷಿನವರು ಹಾಕುವ ಕೊಂಡಿ, ಸರಿಯಾದ ಉತ್ತರ. ನಾನು ಅವಳನ್ನು ಒಳಗೆ ಕರೆದು ಮುಂದಿನ ಬೆಂಚಿನಲ್ಲಿ ಕೂರಿಸಿದೆ. ನನ್ನ ಇಷ್ಟು ವರ್ಷಗಳ ಮೇಷ್ಟ್ರುಗಿರಿಯಲ್ಲಿ ಅಂಥ ವಿದ್ಯಾರ್ಥಿನಿ ಇನ್ನೊಬ್ಬಳಿಲ್ಲ. ಸೆರಗಿನಲ್ಲಿ ಕೈ ಒರೆಸಿಕೊಂಡೇ ಸೀಮೆಸುಣ್ಣ ಹಿಡಿಯುವಳು. ಬಾಲದ ಎರಡೂ ಬದಿಗೆ ಅಲ್ಪವಿರಾಮ ಹಾಕಿದರೆ, ಆ ಬಾಲ ಬರೀ ಹೆಚ್ಚಿನ ಮಾಹಿತಿ, ತೆಗೆದರೂ ನಡೆಯುತ್ತದೆ ಎಂದು ನಾನು ಹೇಳಿದಾಗ ಅವಳು ಬೋರ್ಡಿನ ಹತ್ತಿರ ಬಂದು ಆ ಎರಡು ಅಲ್ಪವಿರಾಮಗಳನ್ನು ಬೆರಳಿನಿಂದ ಮುಟ್ಟಿ ನೋಡಿದಳು.

'ಅಂದ್ರ ಬಾಲಾ ಕತ್ತರಿಸಿ ಒಗೆದ್ರೂ ಆಕಿ ಆಕೀನೇ ಇರ್ತಾಳಂತೇನ್ರಿ?'

'ಇರುತ್ತಾಳೆ,' ಎಂದೆ.

'ಚಲೋ ಭಾಷೆ ಐತಿ ಬಿಡ್ರಿ,' ಎಂದಳು.

ಪಾಠದ ಕೊನೆಗೆ ಪ್ರತಿಯೊಬ್ಬರೂ ಎದ್ದು ನಿಂತು ತಮ್ಮ ಹೆಸರಿಗೆ ತಾವೇ ಬಾಲ ಹಚ್ಚಿ ಹೇಳಬೇಕೆಂಬುದು ನನ್ನ ಪದ್ಧತಿ. ಮಕ್ಕಳೆಲ್ಲ ಹೇಳಿದರು. ಹುಲಿಗೆವ್ವ ಎದ್ದಳು. 'ಹುಲಿಗೆವ್ವ,' ಎಂದು ಅಲ್ಪವಿರಾಮಕ್ಕೆ ಸರಿಯಾಗಿ ಉಸಿರು ನಿಲ್ಲಿಸಿ, 'ಹೂ' ಎಂದಳು. ಅಲ್ಲಿಗೇ ನಿಂತಳು. ಮಾತು ಸಿಗಲಿಲ್ಲವೇನೋ ಎಂದು ನಾನು ಎತ್ತಿಕೊಟ್ಟೆ, 'ಹೂ ಪುಟ್ ಸಾಲ್ಟ್,' ಎಂದು. ಹಿಂದಿನ ಬೆಂಚು ಕಿಸಕ್ಕೆಂದಿತು. ಹುಲಿಗೆವ್ವ ನಗಲಿಲ್ಲ.

'ಬ್ಯಾಡ್ರಿ ಟೀಚರ್. ಇಂಗ್ಲಿಷಿನಾಗ ಸುಳ್ಳು ಹೇಳೂದು ಬ್ಯಾಡ. ನಾ ಇನ್ನೂ ಹೊಸದಾಗಿ ಕಲಿಯಾಕತ್ತೀನಿ,' ಎಂದು ಕೂತುಬಿಟ್ಟಳು.

ನನಗೆ ಆಗ ಅದು ಅರ್ಥವಾಗಲಿಲ್ಲ. ನಾಚಿಕೆಗೆ ಏನೋ ಹೇಳಿದಳೆಂದು ಮುಂದಿನ ಹುಡುಗಿಯನ್ನು ಎಬ್ಬಿಸಿದೆ.

ಮರುದಿನ ಬೆಳಗ್ಗೆ ಮಂಜು ಬಿತ್ತು. ನಮ್ಮೂರ ಮಂಜಿನ ಬಗ್ಗೆ ಒಂದು ಮಾತು ಹೇಳಬೇಕು. ಮಾಗಿಯಲ್ಲಿ ಅದು ಜವುಗಿನ ಮೇಲಿಂದ ಏಳುತ್ತದೆ, ಎದ್ದರೆ ಚಾಚಿದ ಕೈ ಕಾಣುವುದಿಲ್ಲ. ಡೊಳ್ಳು ಬಡಿದರೂ ಅದು ಸದ್ದನ್ನು ನುಂಗುತ್ತದೆ. ಅದನ್ನು ಸೀಳಿಕೊಂಡು ಹೋಗುವುದು ಕೊಂಬು ಕಟ್ಟಿದ ಕೂಗು ಒಂದೇ. ಅದಕ್ಕೇ ದಂಡೆಯ ಮೇಲೆ ಕೂಗುಗಟ್ಟೆ ಇದೆ. ಜೊಂಡಿಗೆ ಹೋದವರನ್ನು ಕಟ್ಟೆ ಹತ್ತಿ ಒಬ್ಬೊಬ್ಬರನ್ನಾಗಿ ಕರೆಯುತ್ತಾರೆ, ಕೂಗು ಬಂದ ದಿಕ್ಕು ಹಿಡಿದು ಅವರು ದಂಡೆ ಸೇರುತ್ತಾರೆ. ದಿಕ್ಕು ತಪ್ಪಿ ಹೆಜ್ಜೆಯಿಟ್ಟರೆ ಕೆಳಗೆ ಉಸುಬು. ಅದರೊಳಗೆ ಇಳಿದ ಕಾಲು ಮೇಲೆ ಬರುವುದಿಲ್ಲ. ಹುಡುಕಲು ಹೋದವರೂ ಬರುವುದಿಲ್ಲ, ಹಾಗಾಗಿ ಯಾರೂ ಹೋಗುವುದಿಲ್ಲ.

ಆ ಬೆಳಗ್ಗೆ ಬುಡನಸಾಬರು ಕಟ್ಟೆ ಹತ್ತಿ ಕೂಗಿದರು. ಜೊಂಡು ಕೊಯ್ಯುವವರೆಲ್ಲ ಒಬ್ಬರ ಹಿಂದೊಬ್ಬರು ಬಂದರು. ಆಮೇಲೆ ಪಾರವ್ವ ಓಡಿ ಬಂದಳು. ಶಾಲೆಯ ಸಾರಿಗೆ ಹೊನಗೊನ್ನೆ ಸೊಪ್ಪು ತರಲೆಂದು ಹುಲಿಗೆವ್ವ ನಸುಕಿನಲ್ಲೇ ಜವುಗಿಗೆ ಇಳಿದಿದ್ದಾಳೆ, ಇನ್ನೂ ಬಂದಿಲ್ಲ ಎಂದಳು.

ಬುಡನಸಾಬರು ಎದೆ ತುಂಬ ಉಸಿರೆಳೆದು, 'ಪಾಯಸಕ್ಕ ಉಪ್ಪು ಹಾಕಿದ ಹುಲಿಗೆವ್ವಾ' ಎಂದು ಕೂಗಿದರು. ಕೂಗು ಮಂಜಿನೊಳಗೆ ಹೋಗಲೇ ಇಲ್ಲ. ಕಟ್ಟೆಯ ಕೆಳಗೇ ದೊಪ್ಪನೆ ಬಿತ್ತು. ಅದು ಬಿದ್ದದ್ದು ನಮಗೆಲ್ಲ ಗೊತ್ತಾಯಿತು. ಮತ್ತೆ ಕೂಗಿದರು. ಮತ್ತೆ ಬಿತ್ತು.

'ಕೊಂಬು ಕಳಚೈತಿ,' ಎಂದರು ಬುಡನಸಾಬರು. 'ಆಕಿ ಅದನ್ನ ಬಿಟ್ಟಾಳ. ಈಗ ಏನಂತ ಕರೀಬೇಕು? ಯಾರಿಗರೆ ಗೊತ್ತೈತೇನು?'

ಯಾರಿಗೂ ಗೊತ್ತಿರಲಿಲ್ಲ. ಆದರೆ ಜನ ಸುಮ್ಮನೆ ನಿಲ್ಲಲಿಲ್ಲ, ಇದನ್ನು ನಾನು ಹೆಮ್ಮೆಯಿಂದಲೇ ಹೇಳುತ್ತೇನೆ. ಒಬ್ಬೊಬ್ಬರೂ ಕಟ್ಟೆ ಹತ್ತಿದರು. ನನ್ನ ಬಾಣಂತನ ಮಾಡಿದ ಹುಲಿಗೆವ್ವ ಎಂದು ಒಬ್ಬಳು ಕೂಗಿದಳು. ಸಾಯುತ್ತಿದ್ದ ನನ್ನಪ್ಪನ ಬಾಯಿಗೆ ನೀರು ಬಿಟ್ಟ ಹುಲಿಗೆವ್ವ ಎಂದು ಒಬ್ಬ ಕೂಗಿದ. ನನ್ನ ತಲೆ ಬಾಚಿದ ಹುಲಿಗೆವ್ವ, ತನ್ನ ರೊಟ್ಟಿ ನನಗೆ ಕೊಟ್ಟ ಹುಲಿಗೆವ್ವ ಎಂದು ಮಕ್ಕಳು ಕೂಗಿದರು. ಎಲ್ಲವೂ ನಿಜವೇ ಇರಬೇಕು. ಒಂದೂ ದಾಟಲಿಲ್ಲ. ಅವೆಲ್ಲ ಮಾಡಿದ್ದು ಅವಳ ಲೆಕ್ಕದಲ್ಲಿ ಮಾಡಿದ್ದೇ ಅಲ್ಲ, ತನ್ನದೆಂದು ಇಟ್ಟುಕೊಂಡಿದ್ದರೆ ತಾನೇ ಕೇಳಿಸುವುದು.

ನನಗೆ ನನ್ನ ಮೇಲೆ ಭರವಸೆಯಿತ್ತು. ಜನರನ್ನು ಸರಿಸಿ ಕಟ್ಟೆ ಹತ್ತಿದೆ. 'ಹುಲಿಗೆವ್ವ, ಹೂ ಲರ್ನ್ಟ್ ಇಂಗ್ಲಿಷ್' ಎಂದು ಕೂಗಿದೆ. ಈಗ ಬರುತ್ತದೆ 'ಓ' ಎಂದು ಕಿವಿಗೊಟ್ಟು ನಿಂತೆ. ನನ್ನ ಇಂಗ್ಲಿಷು ನನ್ನ ಚಪ್ಪಲಿಯ ಮೇಲೆ ಬಿದ್ದಿತ್ತು. ಜಂಬದವರಿಗೆ ಆಗಾಗ ಹೀಗೆ ಆಗುತ್ತದೆ, ಆದರೆ ಅಂದು ಅದಕ್ಕೆ ನಾಚಲೂ ನನಗೆ ಪುರಸೊತ್ತಿರಲಿಲ್ಲ. ಭಯವಾಗಿತ್ತು. ನನ್ನ ಮುಂದಿನ ಬೆಂಚಿನವಳು ಆ ಬಿಳಿಯೊಳಗೆ ಎಲ್ಲೋ ಒಂದು ಕಾಲು ಎತ್ತಿ, ಎಲ್ಲಿ ಇಡಬೇಕೆಂದು ತಿಳಿಯದೆ ನಿಂತಿದ್ದಳು.

ಆಗ ಹಿಂದಿನ ದಿನದ ಮಾತು ನೆನಪಾಯಿತು. ನಾನು ಕಟ್ಟೆಯ ಮೇಲಿಂದಲೇ ಹೇಳಿದೆ, 'ನಿನ್ನೆ ತರಗತಿಯಲ್ಲಿ ಉಪ್ಪಿನ ಬಾಲ ಹಚ್ಚು ಅಂದರೆ ಅವಳು ಹಚ್ಚಲಿಲ್ಲ. ಇಂಗ್ಲಿಷಿನಲ್ಲಿ ಸುಳ್ಳು ಹೇಳೋದು ಬೇಡ ಅಂದಳು. ಉಪ್ಪು ಹಾಕಿದವಳು ಅವಳಲ್ಲ.'

'ಆಕಿ ಅಲ್ಲದಿದ್ರ ಮತ್ತ್ಯಾರು ಹಾಕಿದ್ರು?' ಎಂದರು ಬುಡನಸಾಬರು. 'ಇಷ್ಟು ವರ್ಷ ಆ ಕೊಂಬಿಗೆ ಓ ಅಂದಾಳ.'

'ಬೇರೆಯವರದನ್ನು ತನ್ನದೆಂದು ಒಪ್ಪಿಕೊಂಡಿದ್ದಳು. ಒಪ್ಪಿಕೊಂಡರೆ ಕೇಳಿಸುತ್ತದೆ, ಅಷ್ಟೇ ತಾನೇ ನಿಮ್ಮೂರಿನ ಕಾನೂನು?' ಎಂದೆ.

ನಾನು ಯಾರನ್ನೂ ಬೊಟ್ಟುಮಾಡಿ ತೋರಿಸಲಿಲ್ಲ, ತೋರಿಸಬೇಕಾಗಿಯೂ ಇರಲಿಲ್ಲ. ಪಾರವ್ವ ಸೆರಗನ್ನು ಬಾಯಿಗೆ ಒತ್ತಿ ಹಿಡಿದಿದ್ದಳು. ಅಂದು ಗಂಡಿನವರು ನೋಡಲು ಬಂದದ್ದು ಪಾರವ್ವನನ್ನು. ಹುಡುಗಿಯ ಕೈರುಚಿ ನೋಡೋಣ ಎಂದು ಪಾಯಸ ಮಾಡಲು ಹೇಳಿದ್ದಿರಬೇಕು. ಆ ಪಾಯಸದಿಂದ ಸಂಬಂಧ ಮುರಿಯಲಿಲ್ಲ, ಏಕೆಂದರೆ ಬೈಗುಳ ಬೇರೆಯವರ ತಲೆಗೆ ಹೋಯಿತು. ಮದುವೆಯಾಯಿತು, ಮಕ್ಕಳಾದರು, ಕೈ ತಪ್ಪದವಳೆಂದು ಕೊಂಬು ಬಂತು. ಅದನ್ನು ಹೊತ್ತುಕೊಳ್ಳಬೇಕಾದರೆ ಅವಳು ಆ ಉಪ್ಪನ್ನು ಮರೆಯಬೇಕಿತ್ತು, ಮರೆತಿದ್ದಳು. ಎಷ್ಟು ಚೆನ್ನಾಗಿ ಮರೆತಿದ್ದಳೆಂದರೆ, ದಿನಾ ಅತ್ತಿಗೆಯ ಕೈಯಿಂದ ಉಪ್ಪಿನ ಡಬ್ಬಿ ಕಸಿದುಕೊಳ್ಳುವಷ್ಟು.

ಪಾರವ್ವ ಕಟ್ಟೆ ಹತ್ತಿದಳು. ಅವಳ ಕೊಂಬು ಊರಲ್ಲೇ ಚೆಂದದ ಕೊಂಬು. ಬಾಯಿ ತೆರೆದರೆ ಅದು ಹೋಗುತ್ತದೆಂದು ಅವಳಿಗೆ ಗೊತ್ತಿತ್ತು, ಕೆಳಗೆ ನಿಂತವರಿಗೂ ಗೊತ್ತಿತ್ತು. ಕೊಂಬಿಲ್ಲದವರು ಈ ಊರಲ್ಲಿ ಇದ್ದೂ ಇಲ್ಲದವರು. ಮೊದಲು ಅವಳು, 'ಮಂದಿ ತಪ್ಪು ಹೊತ್ತುಕೊಂಡ ಹುಲಿಗೆವ್ವಾ' ಎಂದು ಕೂಗಿದಳು. ಕೂಗು ಸ್ವಲ್ಪ ದೂರ ಹೋಯಿತು. ಜೊಂಡಿನ ಅಂಚಿಗೆ ಹೋಗಿ ಅದೂ ಬಿತ್ತು.

'ಪೂರಾ ಹೇಳಬೇಕವ್ವ,' ಎಂದರು ಬುಡನಸಾಬರು ಮೆಲ್ಲಗೆ. 'ಅರ್ಧಾ ಹೇಳಿದ್ರ ಅರ್ಧ ದಾರಿಗೇ ಹೋಗತೈತಿ.'

ಪಾರವ್ವ ಕಣ್ಣು ಮುಚ್ಚಿದಳು. ಆಮೇಲೆ, ಗಂಡನ ಮನೆಯವರು ಕೇಳುವಂತೆ, ಅವಳ ಕೈಯಡುಗೆ ಉಂಡ ಊರೆಲ್ಲ ಕೇಳುವಂತೆ ಕೂಗಿದಳು.

'ನಾನು ಉಪ್ಪು ಹಾಕಿದ ಪಾಯಸಕ್ಕ ತಾನು ಬೈಸಿಕೊಂಡ ಹುಲಿಗೆವ್ವಾ.'

ಕೊಂಬಿನೊಳಗೊಂದು ಕೊಂಬು. ಈ ಊರಲ್ಲಿ ಅದುವರೆಗೆ ಯಾರೂ ಹಾಗೆ ಕಟ್ಟಿರಲಿಲ್ಲ. ಆ ಕೂಗು ಹೋದ ಬಗೆಯನ್ನು ಹೇಗೆ ಹೇಳಲಿ. ಬೀಳಲೇ ಇಲ್ಲ. ಜೊಂಡನ್ನು ದಾಟಿ, ನೀರನ್ನು ದಾಟಿ ಹೋಗುತ್ತಲೇ ಇತ್ತು. ಹೋಗಿ ತಲುಪಿದ್ದು ನಮಗೆ ತಿಳಿಯಿತು, ಏಕೆಂದರೆ ಆ ಕಡೆಯಿಂದ ಸಣ್ಣದಾಗಿ 'ಓ' ಎಂದು ಬಂತು. ಬುಡನಸಾಬರು ಅಲ್ಲೇ ಕೂತು ಮುಖ ಒರೆಸಿಕೊಂಡರು. ನಾನು ಅತ್ತೆ. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಪಾರವ್ವ ಅದನ್ನೇ ಕೂಗುತ್ತಾ ನಿಂತಳು, ದಿಕ್ಕು ತಪ್ಪಬಾರದಲ್ಲ. ಪ್ರತಿ ಸಲವೂ 'ನಾನು ಉಪ್ಪು ಹಾಕಿದ' ಎನ್ನಲೇಬೇಕಿತ್ತು. ಮೊದಮೊದಲು ಆ ಜಾಗದಲ್ಲಿ ದನಿ ನಡುಗುತ್ತಿತ್ತು, ಬರಬರುತ್ತಾ ಗಟ್ಟಿಯಾಯಿತು. ಕೊನೆಗೆ ಮಂಜಿನೊಳಗಿಂದ ಮೊದಲು ಸೊಪ್ಪಿನ ಬುಟ್ಟಿ ಕಂಡಿತು, ಆಮೇಲೆ ಅದನ್ನು ಹೊತ್ತ ಹುಲಿಗೆವ್ವ. ಮೊಣಕಾಲವರೆಗೆ ಕೆಸರು, ತುಟಿ ನೀಲಿ. ಹೆಂಗಸರು ಓಡಿ ಕಂಬಳಿ ಹೊದಿಸಿದರು. ಅವಳು ಬುಟ್ಟಿಯನ್ನು ಇಳಿಸಿ ಮೊದಲು ಹುಡುಕಿದ್ದು ನಾದಿನಿಯನ್ನು.

ಪಾರವ್ವ ಆಗಲೇ ಕಟ್ಟೆಯ ಇನ್ನೊಂದು ಬದಿಯಿಂದ ಇಳಿದು ಹೋಗುತ್ತಿದ್ದಳು. ಮನೆಯ ಕಡೆಗಲ್ಲ, ಮಂಜಿನ ಕಡೆಗೆ. ಮುಖ ಮುಚ್ಚಿಕೊಂಡಿದ್ದರಿಂದ ದಾರಿ ನೋಡಲಿಲ್ಲವೋ, ನೋಡುವುದೇ ಬೇಡವೆಂದಿತ್ತೋ. 'ಕೈ ತಪ್ಪದ ಪಾರವ್ವ' ಎಂದು ಬುಡನಸಾಬರು ಕೂಗಿದರು. ಅದು ಅವರ ಪಾದದ ಹತ್ತಿರ ಬಿತ್ತು. ಉಪ್ಪು ಹಾಕಿದ ಪಾರವ್ವ ಎನ್ನಬಹುದಿತ್ತು, ಅದು ತಲುಪುತ್ತಲೂ ಇತ್ತು. ಆದರೆ ಒಬ್ಬರೂ ಅನ್ನಲಿಲ್ಲ. ಅದು ಒಮ್ಮೆ ಕೂತರೆ ಅವಳು ಸಾಯುವವರೆಗೆ ಇಳಿಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನನ್ನೂರಿನ ಜನ ಇವರು.

ಹುಲಿಗೆವ್ವ ಕಂಬಳಿ ಸರಿಸಿ ನೆಟ್ಟಗೆ ನಿಂತಳು. ನನ್ನ ತರಗತಿಯಲ್ಲಿ ನಿಲ್ಲುತ್ತಾಳಲ್ಲ, ಹಾಗೆ. ಸೆರಗಿಗೆ ಕೈ ಒರೆಸಿಕೊಂಡಳು.

'ಪಾರವ್ವ,' ಎಂದಳು. ಹೆಸರು ಮೊದಲು, ಬರೀ ಹೆಸರು. ಅಲ್ಪವಿರಾಮದಲ್ಲಿ ಉಸಿರು ನಿಲ್ಲಿಸಿದಳು. ಜನ ತಲೆ ತಗ್ಗಿಸಿದರು, ಹೆಸರು ಬಿತ್ತೆಂದುಕೊಂಡರು. ಅದು ಬೀಳದೆ ಗಾಳಿಯಲ್ಲಿ ನಿಂತು ಕಾಯುತ್ತಿತ್ತು. ಆಮೇಲೆ ಅವಳು ಬಾಲ ಹಚ್ಚಿದಳು. 'ಹೂ ಕಾಲ್ಡ್ ಮಿ.'

ನನ್ನನ್ನು ಕರೆದ ಪಾರವ್ವ. ಪಾರವ್ವನಿಗೆ ಇಂಗ್ಲಿಷಿನ ಗಂಧವಿಲ್ಲ. ಆದರೂ ನಿಂತಳು. ತಿರುಗಿದಳು. ಸೆರಗಿನ ಹಿಂದಿನಿಂದ 'ಓ' ಎಂದಳು.

ಉಚ್ಚಾರಣೆಯಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಸುತ್ತ ನಿಂತವರ ಮುಖವನ್ನೆಲ್ಲ ಒಂದು ಸಲ ನೋಡಿದೆ. ಇವಳು ನನ್ನ ವಿದ್ಯಾರ್ಥಿನಿ ಎಂದು ಯಾರಿಗಾದರೂ ಗೊತ್ತಿಲ್ಲದಿದ್ದರೆ ಹೇಳಬೇಕೆಂದು. ಎಲ್ಲರಿಗೂ ಗೊತ್ತಿತ್ತು.

ಪಾರವ್ವ ಹತ್ತಿರ ಬಂದು ಅತ್ತಿಗೆಯ ಕೆಸರು ಕಾಲನ್ನು ನೋಡುತ್ತಾ, 'ಏನಂದಿ ನನಗ?' ಎಂದು ಕೇಳಿದಳು.

'ಕರದೀ ಅಂದೆ,' ಎಂದಳು ಹುಲಿಗೆವ್ವ. 'ನಡಿ, ಹೊತ್ತಾತು. ಹುಡುಗ್ರು ಉಪವಾಸ ಕುಂತಾವ.'

ಇಬ್ಬರೂ ಬುಟ್ಟಿಯ ಒಂದೊಂದು ಕಿವಿ ಹಿಡಿದು ಶಾಲೆಯ ಕಡೆಗೆ ನಡೆದರು. ಮಧ್ಯಾಹ್ನ ನಾನು ಮಕ್ಕಳ ಸಾಲಿನಲ್ಲೇ ಊಟಕ್ಕೆ ಕೂತೆ. ಹೊನಗೊನ್ನೆ ಸಾರು ಬಾಯಿಗಿಟ್ಟರೆ ಉಪ್ಪೋ ಉಪ್ಪು. ಒಬ್ಬಳು ಹಾಕಿದ ಮೇಲೆ ಇನ್ನೊಬ್ಬಳೂ ಹಾಕಿದ್ದಳೆಂದು ಕಾಣುತ್ತದೆ. ಅಂದು ನಮ್ಮ ಜೊತೆ ಉಣ್ಣಲು ಬಂದಿದ್ದ ಬುಡನಸಾಬರು ಎರಡು ಲೋಟ ನೀರು ಕುಡಿದರು. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡು ತಟ್ಟೆ ಖಾಲಿ ಮಾಡಿದರು. ನಾನು ಇನ್ನೊಂದು ಸೌಟು ಕೇಳಿ ಹಾಕಿಸಿಕೊಂಡೆ. ಉಪ್ಪು ಹಾಕಿದವರು ಯಾರು ಎಂದು ಒಬ್ಬರೂ ಕೇಳಲಿಲ್ಲ.